ಅಪ್‌ಡೇಟ್: ಸೇವೆಗೆ ಅವಕಾಶ ಕೊಡು ಅಂತ ಪ್ರಾರ್ಥಿಸಿದ ಮೇಲೆ

ಬೇರೆಯವರ ಸೇವೆ ಮಾಡೋಕೆ ಅವಕಾಶ ಕೊಡು ಅಂತ ದೇವರನ್ನು ಕೇಳಬೇಕಾ, ಸುಮ್ನೆ ಎದ್ದು ಹೋಗಿ ಮಾಡಿದರೆ ಸಾಲದಾ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಬೈಬಲ್‌ನಲ್ಲಿ ನೆಹೆಮೀಯನ ಪುಸ್ತಕ ಓದಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ನೆಹೆಮೀಯ ಪರ್ಷಿಯಾದ ರಾಜನಿಗೆ ಪಾನಸೇವಕನಾಗಿದ್ದ ಯೆಹೂದ್ಯ. ಯೆರೂಸಲೇಮಿನ ಗೋಡೆ ಬಿದ್ದಿದೆ ಅಂತ ಕೇಳಿ ಅವನು ಅತ್ತ, ಉಪವಾಸ ಮಾಡಿದ, ಕಿಸ್ಲೇವ್ ತಿಂಗಳಿಂದ ನೀಸಾನ್ ತನಕ, ಅಂದರೆ ಸುಮಾರು ನಾಲ್ಕು ತಿಂಗಳು ಕಾದ, ಆದರೆ ರಾಜ ಏನು ಬೇಕು ಅಂದ ಕೂಡಲೇ ದಾರಿಗೆ ಬೇಕಾದ ಪತ್ರ, ಗೋಡೆ ಮತ್ತೆ ಕಟ್ಟೋಕೆ ಮರ, ಎಷ್ಟು ದಿನ ಬೇಕು ಅನ್ನೋದು ಎಲ್ಲಾ ಬಾಯಲ್ಲೇ ಇತ್ತು. ಪ್ರಾರ್ಥನೆ ಮಾಡುತ್ತಲೇ ತಯಾರಿಯೂ ನಡೆದಿತ್ತು ಅಂತ ಕಾಣುತ್ತೆ, ಅಲ್ವಾ?

ನಾನೂ ಬೆಳಿಗ್ಗೆ ಕೇಳೋಕೆ ಶುರು ಮಾಡಿದೆ: ಇವತ್ತು ಯಾರಿಗೆ ನನ್ನ ಅಗತ್ಯ ಇದೆಯೋ ಅವರು ಕಣ್ಣಿಗೆ ಬೀಳಲಿ. ಬಿದ್ದರು. ನಮ್ಮ ಚರ್ಚ್ ಸಭೆಯಲ್ಲಿ ಹಿಂದಿನ ಸಾಲಲ್ಲಿ ಕೂರುವ ಅಜ್ಜಿ. ಗಂಡ ತೀರಿಕೊಂಡ ಮೇಲೆ ಪಿಂಚಣಿ ಕಾಗದಗಳನ್ನು ಚೀಲದಲ್ಲಿ ತುಂಬಿಕೊಂಡು ಓಡಾಡ್ತಿದ್ದರು, ಸಣ್ಣ ಅಕ್ಷರ ಕಾಣಲ್ಲ. ಫಾರ್ಮ್ ತುಂಬೋಕೆ ಹಿಡಿದದ್ದು ಸ್ವಲ್ಪ ಹೊತ್ತು. ಗಂಡನ ಸಹಿ ಇರುವ ಹಳೇ ಕಾಗದ ಸಿಕ್ಕಾಗ ಅದನ್ನು ಬೆರಳಲ್ಲಿ ಸವರುತ್ತಾ ಅವರು ಮಾತಾಡಿದ್ದೇ ಜಾಸ್ತಿ. ನಾನು ಕೇಳಿಸಿಕೊಂಡೆ, ಅಷ್ಟೇ.

ಇನ್ನೊಂದು, ಪ್ರಾರ್ಥಿಸಿದ್ದೇನೆ ಅಂತ ಬಂದದ್ದಕ್ಕೆಲ್ಲ ಹೂಂ ಅನ್ನಲಿಲ್ಲ. ಒಬ್ಬರು ಸಾಲ ಕೇಳಿದರು, ಆಗಲ್ಲ ಅಂದೆ. ಅದರ ಬಗ್ಗೆ ಬೇಜಾರಿಲ್ಲ.

ಈಗ ಪಾಸ್ಟರ್ ಆಸ್ಪತ್ರೆಯಲ್ಲಿರುವವರನ್ನು ನೋಡೋಕೆ ಜೊತೆಗೆ ಬಾ ಅಂತಿದ್ದಾರೆ. ಹೋಗಿ ಅಭ್ಯಾಸ ಇರೋರು ಹೇಳಿ, ಅಲ್ಲಿ ಎಷ್ಟು ಹೊತ್ತು ಕೂತರೆ ಸರಿ?