ಇಇಜಿ ನಾರ್ಮಲ್ ಬಂದ ಮೇಲೂ ಮಾತ್ರೆ ಏಕೆ? ಅನುಭವವಿದ್ದವರು ತಿಳಿಸಿ

ಪ್ರಶ್ನೆ (ಉಡುಪಿಯ ತಾಯಿಯೊಬ್ಬರು)
ಪಿಯುಸಿ ಓದುತ್ತಿರುವ ನನ್ನ ಮಗನಿಗೆ ಎರಡು ತಿಂಗಳೊಳಗೆ ಎರಡು ಸಲ ಫಿಟ್ಸ್ ಬಂತು, ಎರಡೂ ಸಲ ಬೆಳಗ್ಗೆ ಎದ್ದ ಸ್ವಲ್ಪ ಹೊತ್ತಿಗೇ. ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ವರದಿಯಲ್ಲಿ ‘ನಾರ್ಮಲ್’ ಎಂದಿದೆ. ಆದರೂ ನರರೋಗ ತಜ್ಞರು ಮಾತ್ರೆ ಬರೆದು, ರಾತ್ರಿ ನಿದ್ದೆಗೆಡಿಸಿ ಇನ್ನೊಂದು ಇಇಜಿ ಮಾಡಿಸಲು ಹೇಳಿದ್ದಾರೆ. ಮೊದಲನೆಯದರಲ್ಲಿ ಏನೂ ಇಲ್ಲವೆಂದ ಮೇಲೆ ಇದೆಲ್ಲ ಏಕೆ?

ಮಣಿಪಾಲದಿಂದ, ನಿವೃತ್ತ ಇಇಜಿ ತಂತ್ರಜ್ಞ
ಅಮ್ಮ, ಈ ಪ್ರಶ್ನೆಯನ್ನು ಯಂತ್ರದ ಪಕ್ಕ ಕುಳಿತು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಮಿದುಳಿನ ನರಕೋಶಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಒಳಹೊರಗೆ ಹರಿದಾಡುವುದರಿಂದ ಪುಟ್ಟ ವಿದ್ಯುತ್ ಸಂಕೇತಗಳು ಹುಟ್ಟುತ್ತವೆ. ಗ್ಲುಟಮೇಟ್ ಎಂಬ ರಾಸಾಯನಿಕ ಮುಂದಿನ ಕೋಶವನ್ನು ಕೆರಳಿಸಿದರೆ, ಗ್ಯಾಬಾ ಎಂಬುದು ತಡೆಹಿಡಿಯುತ್ತದೆ. ಈ ತಡೆ ಸೋತು, ಬೇರೆ ಬೇರೆ ಲಯದಲ್ಲಿರಬೇಕಾದ ಅಸಂಖ್ಯ ಕೋಶಗಳು ಒಂದೇ ತಾಳಕ್ಕೆ ಸಿಡಿಯತೊಡಗಿದಾಗ ಆಗುವುದೇ ಫಿಟ್ಸ್.

ತಲೆಬುರುಡೆಯನ್ನೂ ಚರ್ಮವನ್ನೂ ದಾಟಿ ಹೊರಬಂದಷ್ಟನ್ನು ಮಾತ್ರ ಇಇಜಿ ಅಳೆಯುತ್ತದೆ. ಟಾರ್ಚಿನ ಸೆಲ್ಲಿನಲ್ಲಿ 1.5 ವೋಲ್ಟ್ ಇದ್ದರೆ, ನೆತ್ತಿಯ ಮೇಲೆ ಸಿಗುವುದು ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ಒಂದು ಮೈಕ್ರೋವೋಲ್ಟ್ ಎಂದರೆ ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು. ರೆಪ್ಪೆ ಬಡಿದರೂ ಅದನ್ನು ಮುಚ್ಚುವಂಥ ಅಲೆ ಏಳುತ್ತದೆ. ನಮ್ಮ ಮೇ ತಿಂಗಳ ಸೆಕೆಯಲ್ಲಿ ಕೋಣೆಯ ಎಸಿ ಕೆಟ್ಟರಂತೂ ನೆತ್ತಿಯ ಬೆವರಿಗೇ ಗೆರೆಗಳೆಲ್ಲ ತೇಲಾಡುತ್ತವೆ.

1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲು ದಾಖಲಿಸಿದಂದಿನಿಂದ ಯಂತ್ರ ಬಹಳ ಸುಧಾರಿಸಿದೆ. ಆದರೂ ತಂತಿ ಅಂಟಿಸಿದ ಆ ಅರ್ಧ ಗಂಟೆಯಲ್ಲಿ ನಡೆದದ್ದಷ್ಟೇ ಅದಕ್ಕೆ ಗೊತ್ತು. ಅಪಸ್ಮಾರ, ಅಂದರೆ ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆ, ಇರುವವರಲ್ಲಿ ಫಿಟ್ಸ್ ಇಲ್ಲದ ಹೊತ್ತಿನಲ್ಲೂ ‘ಸ್ಪೈಕ್’ ಎಂಬ ಚೂಪು ಅಲೆಗಳು ಆಗಾಗ ಮಿಂಚಿ ಮರೆಯಾಗುವುದುಂಟು. ಅವು ಆ ಅವಧಿಯಲ್ಲಿ ಬರದಿದ್ದರೆ ವರದಿ ನಾರ್ಮಲ್. ನಿದ್ದೆಗೆಟ್ಟು ಮಂಪರು ಹತ್ತುವಾಗ ಅವು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ, ಅದಕ್ಕೇ ಎರಡನೆಯ ಪರೀಕ್ಷೆ. ಇನ್ನು ಮಾತ್ರೆಯ ವಿಷಯ: ಸಕ್ಕರೆ ಕುಸಿತದಂಥ ತತ್‌ಕ್ಷಣದ ಕಾರಣವಿಲ್ಲದೆ, 24 ಗಂಟೆಗಿಂತ ಹೆಚ್ಚಿನ ಅಂತರದಲ್ಲಿ ಎರಡು ಸಲ ಫಿಟ್ಸ್ ಬಂದರೆ ಅಪಸ್ಮಾರವೆಂದು ತೀರ್ಮಾನಿಸಲು ಅಷ್ಟೇ ಸಾಕು, ಇಇಜಿಯ ಒಪ್ಪಿಗೆ ಬೇಕಾಗಿಲ್ಲ.

ಮಂಗಳೂರಿನಿಂದ
ಅಕ್ಕ, ‘ಬೆಳಗ್ಗೆ ಎದ್ದ ಸ್ವಲ್ಪ ಹೊತ್ತಿಗೇ’ ಎಂದಿರಲ್ಲ, ಅದನ್ನು ಓದಿ ಇದನ್ನು ಬರೆಯುತ್ತಿದ್ದೇನೆ. ಕಾಲೇಜಿನ ದಿನಗಳಲ್ಲಿ, ಪರೀಕ್ಷೆಗೆಂದು ರಾತ್ರಿಯಿಡೀ ಓದಿದ ಮರುಬೆಳಗ್ಗೆ ನನ್ನ ಕೈಯ ಚಹಾ ಲೋಟ ಎಸೆದಂತೆ ಹಾರಿ ಬೀಳುತ್ತಿತ್ತು. ಭುಜ ಒಮ್ಮೆ ಜಗ್ಗಿದ ಹಾಗೆ, ಆಮೇಲೆ ಏನೂ ಇಲ್ಲ. “ಕೈಯಲ್ಲಿ ಜೀವ ಇಲ್ವಾ ನಿಂಗೆ?” ಎಂದು ಬೈಯುತ್ತ ಅಮ್ಮ ನೆಲ ಒರೆಸುತ್ತಿದ್ದರು. ಮುಂದೆ ಫಿಟ್ಸ್ ಬಂದಾಗ ವೈದ್ಯರು ಮೊದಲು ಕೇಳಿದ್ದೇ, ಹಲ್ಲುಜ್ಜುವಾಗ ಬ್ರಷ್ ಕೈಯಿಂದ ಹಾರುತ್ತದೆಯೇ ಎಂದು. ನನ್ನದು ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ, ಅಂದರೆ ಹರೆಯದಲ್ಲಿ ಶುರುವಾಗುವ, ಹೀಗೆ ಕೈ ಜಗ್ಗಿಸುವ ಬಗೆಯ ಅಪಸ್ಮಾರ. ಮೊದಲ ಇಇಜಿ ನನಗೂ ನಾರ್ಮಲ್. ನಿದ್ದೆಗೆಟ್ಟು ಮಾಡಿಸಿದ ಎರಡನೆಯದರಲ್ಲಿ, ಕಣ್ಣೆದುರು ದೀಪ ಮಿಣುಕಿಸಿದಾಗ, ಮಿದುಳಿನ ಎರಡೂ ಬದಿಯಲ್ಲಿ ಸ್ಪೈಕ್‌ಗಳ ಗೊಂಚಲು ಎದ್ದಿತು. ಯಾವ ಬಗೆಯೆಂದು ತಿಳಿಯುವುದು ಮುಖ್ಯ, ಏಕೆಂದರೆ ಬೇರೆ ಬಗೆಯ ಫಿಟ್ಸ್‌ಗೆ ಒಳ್ಳೆಯದಾದ ಕಾರ್ಬಮಜೆಪಿನ್ ಎಂಬ ಮಾತ್ರೆ ಇದರಲ್ಲಿ ಜಗ್ಗುವಿಕೆಯನ್ನು ಹೆಚ್ಚಿಸಬಹುದು. ನಿಮ್ಮ ಮಗನದ್ದೂ ಇದೇ ಎನ್ನುತ್ತಿಲ್ಲ, ಆದರೆ ಒಮ್ಮೆ ಕೇಳಿ ನೋಡಿ.

ಕುಂದಾಪುರದಿಂದ
ತಮ್ಮನಿಗೆ ಫಿಟ್ಸ್ ಬಂದಾಗ ಕೈಯಲ್ಲಿ ಹಿಡಿಸಲು ಬೀಗದಕೈ ಹುಡುಕುವುದರಲ್ಲೇ ನಾವು ಹೊತ್ತು ಕಳೆದಿದ್ದೆವು. ಅದರಿಂದ ಏನೂ ಪ್ರಯೋಜನವಿಲ್ಲ. ಈಗ ಒಬ್ಬರು ಮಗ್ಗುಲಿಗೆ ಹೊರಳಿಸುತ್ತೇವೆ, ಬಾಯಿಗೆ ಏನನ್ನೂ ತುರುಕುವುದಿಲ್ಲ, ಇನ್ನೊಬ್ಬರು ಗಡಿಯಾರ ನೋಡುತ್ತ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತೇವೆ. ಐದು ನಿಮಿಷ ದಾಟಿದರೆ ನೇರ ಆಸ್ಪತ್ರೆ. ಆ ವಿಡಿಯೋವನ್ನು ವೈದ್ಯರು ವರದಿಗಿಂತ ಹೆಚ್ಚು ಹೊತ್ತು ನೋಡಿದರು.

ಪ್ರಶ್ನೆ ಕೇಳಿದವರು
ಬೆಳಗ್ಗೆ ಕೈ ಜಗ್ಗಿ ಬ್ರಷ್ ಹಾರುತ್ತದೆಯೇ ಎಂದು ಮಗನನ್ನು ಕೇಳಿದೆ. “ಅದು ಆಗಾಗ ಆಗ್ತದೆ ಅಮ್ಮ, ಅದಕ್ಕೂ ಇದಕ್ಕೂ ಎಂತ ಸಂಬಂಧ?” ಎಂದ. ವೈದ್ಯರಿಗೆ ತಿಳಿಸುತ್ತೇನೆ. ಗುರುವಾರ ಪರೀಕ್ಷೆ; ಏನಾದರೂ ಸಿದ್ಧತೆ ಬೇಕೇ?

ಮಣಿಪಾಲದಿಂದ
ಹಿಂದಿನ ದಿನ ಶಾಂಪೂ ಹಾಕಿ ತಲೆ ತೊಳೆಯಲಿ, ಆಮೇಲೆ ತೆಂಗಿನೆಣ್ಣೆ ಹಚ್ಚುವುದು ಬೇಡ, ಪೇಸ್ಟ್ ಹಿಡಿಯುವುದಿಲ್ಲ. ವೈದ್ಯರು ಹೇಳದೆ ಮಾತ್ರೆ ತಪ್ಪಿಸಬಾರದು. ನಿದ್ದೆಗೆಟ್ಟ ಹುಡುಗ, ಆ ದಿನ ಬೈಕಿನ ಕೀ ನಿಮ್ಮ ಹತ್ತಿರವೇ ಇರಲಿ.