ಫ್ರೀ ಡಿಶ್: ಸಂಜೆಯಾದ್ರೆ ಎಚ್‌ಡಿ ಚಾನೆಲ್ ಚೌಕ ಚೌಕ, ಬೆಳಿಗ್ಗೆ ಸರಿ (ತುಮಕೂರು)

ಕ್ಯಾತ್ಸಂದ್ರ_ಟಿವಿ
ಮೂರು ವಾರದಿಂದ ಸಾಕಾಗಿ ಹೋಗಿದೆ. ಮಹಡಿ ಮೇಲೆ ಆಂಟೆನಾ ಹಾಕ್ಸಿ ಟಿವಿಗೆ ನೇರ ಕೊಟ್ಟಿದೀನಿ, ಬಾಕ್ಸ್ ಇಲ್ಲ. ಬೆಳಿಗ್ಗೆ ಎಲ್ಲ ಚೆನ್ನಾಗೇ ಬರುತ್ತೆ. ಸಂಜೆ ಏಳಾಯ್ತು ಅಂದ್ರೆ ಎಚ್‌ಡಿ ಚಾನೆಲ್ ಚೌಕ ಚೌಕ ಒಡೆದು, ಸದ್ದು ಕತ್ತರಿಸಿ, ಕೊನೆಗೆ ‘ಸಿಗ್ನಲ್ ಇಲ್ಲ’. ಹನ್ನೊಂದರ ಮೇಲೆ ತಾನಾಗೇ ಸರಿ. ಹಾಕಿದವರು ಎರಡು ಸಲ ಬಂದು ಅಲ್ಲಾಡಿಸಿ ದುಡ್ಡು ತಗೊಂಡು ಹೋದ್ರು. ಏನು ಮಾಡೋದು ಹೇಳಿ.

ಹಳೇ_ಯಾಗಿ
ಕ್ಯಾತ್ಸಂದ್ರದಿಂದ ಬೆಂಗಳೂರಿನ ಟಿವಿ ಟವರ್ ಸುಮಾರು 60 ಕಿ.ಮೀ. ಅಷ್ಟು ದೂರಕ್ಕೆ ಸಣ್ಣ ಆಂಟೆನಾ ಸಾಲಲ್ಲ. ಕಡ್ಡಿ ಎಷ್ಟಿವೆ? ಕನಿಷ್ಠ 20 ಕಡ್ಡಿಯ ಯುಎಚ್‌ಎಫ್ ಯಾಗಿ (ಸಾಲಾಗಿ ಕಡ್ಡಿ ಇರೋ ಆಂಟೆನಾ) ಬೇಕು. ಪೈಪ್ 20 ಅಡಿಗೆ ಏರಿಸಿ. 300ರಿಂದ 75 ಓಮ್‌ಗೆ ಇಳಿಸೋ ಬಾಲನ್‌ಗೆ (ಆಂಟೆನಾಗೂ ಕೇಬಲ್‌ಗೂ ನಡುವಿನ ಡಬ್ಬಿ) ನೀರು ಹೋಗಿರುತ್ತೆ, ಮೊದಲು ಅದನ್ನ ಬಿಚ್ಚಿ ನೋಡಿ. ಬೂಸ್ಟರ್ ಇದ್ರೆ ಪೈಪಿನ ತುದೀಲಿರಬೇಕು, ಟಿವಿ ಹಿಂದೆ ಅಲ್ಲ.

ಕ್ಯಾತ್ಸಂದ್ರ_ಟಿವಿ
ಕಡ್ಡಿದಲ್ಲ ಸಾರ್, ದುಂಡಗಿರೋದು. ದೂರದರ್ಶನ ಉಪಗ್ರಹದಿಂದ ಉಚಿತವಾಗಿ ಕೊಡೋ ಫ್ರೀ ಡಿಶ್.

ಹಳೇ_ಯಾಗಿ
ಹಂಗಾದ್ರೆ ಡಿಶ್ ಅಂತ ಬರೀಬೇಕಿತ್ತು. ಆಂಟೆನಾ ಅಂದ್ರೆ ಆಂಟೆನಾ.

ಶಿರಾಗೇಟ್_ಸಿಗ್ನಲ್
ಡಿಶ್ಶೂ ಆಂಟೆನಾನೇ ಅಣ್ಣ. ಅದನ್ನ ಇಲ್ಲಿಗೆ ಬಿಡೋಣ.

ಮಾಲೂರು_ಕೆಯುಬ್ಯಾಂಡ್
ಎಲ್‌ಎನ್‌ಬಿ (ಡಿಶ್ ಮುಂದಿನ ತೋಳಲ್ಲಿ ಸಿಗ್ನಲ್ ಹಿಡಿಯೋ ಡಬ್ಬಿ) ಹೋಗಿದೆ, ನೂರಕ್ಕೆ ನೂರು. ಸಂಜೆ ಥಂಡಿ ಬಿದ್ದ ತಕ್ಷಣ ಒಳಗಿನ 9750 ಮೆಗಾಹರ್ಟ್ಸ್ ಆಸಿಲೇಟರ್ (ಫ್ರೀಕ್ವೆನ್ಸಿ ಹುಟ್ಟಿಸೋ ಭಾಗ) ಜರುಗುತ್ತೆ, ಟ್ಯೂನರ್ ಹಿಡಿತ ತಪ್ಪುತ್ತೆ. ಹೊಸದು ಹಾಕಿ.

ಗೌರಿಬಿದನೂರು_ಆರ್‌ಎಫ್
ಥಂಡಿ ಕಾರಣ ಆಗಿದ್ರೆ ರಾತ್ರಿ ಹನ್ನೊಂದಕ್ಕೆ ಇನ್ನೂ ಕೆಡಬೇಕಿತ್ತು, ಇವರಿಗೆ ಆಗ ಸರಿ ಹೋಗ್ತಿದೆ. ಅಲ್ಲದೆ ಫ್ರೀ ಡಿಶ್ ಸಿಂಬಲ್ ರೇಟ್ (ಸಿಗ್ನಲ್ ಎಷ್ಟು ಅಗಲ ಅಂತ ತೋರಿಸೋ ಅಂಕಿ) 29500. ಅಷ್ಟು ಅಗಲದ ಸಿಗ್ನಲ್‌ನಲ್ಲಿ ಒಂದು ಮೆಗಾಹರ್ಟ್ಸ್ ಜರುಗಿದ್ರೆ ಟ್ಯೂನರ್ ತಾನೇ ಹಿಂಬಾಲಿಸುತ್ತೆ. 2000, 3000 ರೇಟಿನ ಸಣ್ಣ ಸಿಗ್ನಲ್ ಆಗಿದ್ರೆ ನೀವು ಹೇಳಿದ್ದು ಒಪ್ಪಬಹುದಿತ್ತು.

ಮಾಲೂರು_ಕೆಯುಬ್ಯಾಂಡ್
ನಾನು ಎಷ್ಟು ಎಲ್‌ಎನ್‌ಬಿ ಬದಲಾಯಿಸಿದೀನಿ ಲೆಕ್ಕ ಇಲ್ಲ. ಇದು ಅದೇ.

ತೆಂಗಿನತೋಟ_572
ಎದುರಿಗೆ ತೆಂಗಿನ ಮರ ಇದೆಯಾ? ಸಂಜೆ ಗಾಳಿಗೆ ಗರಿ ಅಡ್ಡ ಬರುತ್ತೆ.

ಗೌರಿಬಿದನೂರು_ಆರ್‌ಎಫ್
ಫ್ರೀ ಡಿಶ್ ಕಳಿಸೋ ಉಪಗ್ರಹ ಜಿಸ್ಯಾಟ್-15 ಇರೋದು ಪೂರ್ವ 93.5 ಡಿಗ್ರೀಲಿ. ತುಮಕೂರಿಂದ ನೋಡಿದ್ರೆ ಆಗ್ನೇಯಕ್ಕೆ, ಉತ್ತರದಿಂದ ಸುಮಾರು 128 ಡಿಗ್ರಿ, ಎತ್ತರ 65 ಡಿಗ್ರಿ. ಹತ್ತು ಮೀಟರ್ ದೂರದ ಮರ ಅಡ್ಡ ಬರಬೇಕಾದ್ರೆ ಡಿಶ್‌ಗಿಂತ 21 ಮೀಟರ್ ಮೇಲಿರಬೇಕು. ಆಫ್‌ಸೆಟ್ ಡಿಶ್ (ಎಲ್‌ಎನ್‌ಬಿ ನಡುವಲ್ಲಿರದೆ ಕೆಳಗಿರೋದು) ನೆಟ್ಟಗೆ ಎದುರು ನೋಡಿದ ಹಾಗೆ ಕಾಣುತ್ತೆ, ಅದು ನೋಡ್ತಿರೋದು ಬಹಳ ಮೇಲಕ್ಕೆ.

ಕ್ಯಾತ್ಸಂದ್ರದವರೇ, ಇಷ್ಟು ಹೇಳಿ: ಕೇಬಲ್ ಮೇಲೆ ಏನು ಬರೆದಿದೆ, ಎಷ್ಟು ಉದ್ದ, ಎಲ್ಲಿ ಜಾಯಿಂಟ್? ಒಂದು ಕೇಬಲ್‌ನ ಎರಡು ಮಾಡೋ ಸ್ಪ್ಲಿಟರ್ ಇದೆಯಾ? ಕೆಡೋ ಚಾನೆಲ್‌ಗಳ ಫ್ರೀಕ್ವೆನ್ಸಿ ಎಷ್ಟು? ಹತ್ತಿರ ಮೊಬೈಲ್ ಟವರ್ ಇದೆಯಾ?

ಶಿರಾಗೇಟ್_ಸಿಗ್ನಲ್
ಎಚ್‌ಡಿ ಕೆಡುತ್ತೆ ಅಂದ್ರೆ ಹಳೇ ಎಂಪೆಗ್-2 (ಹಳೇ ವಿಡಿಯೋ ಮಾದರಿ) ಬಾಕ್ಸ್ ಮೇಲೆ ಅನುಮಾನ ಬರುತ್ತೆ, ಆ ಸಮಸ್ಯೆ ಇದಲ್ಲ. ಅದರಲ್ಲಿ ಎಚ್‌ಡಿ ಬರೋದೇ ಇಲ್ಲ, ಬಂದು ಒಡೆಯಲ್ಲ. ಬೆಳಿಗ್ಗೆ ಬರ್ತಿದೆ ಅಂದ್ಮೇಲೆ ಟಿವಿ ಒಳಗಿನ ಟ್ಯೂನರ್ ಡಿವಿಬಿ-ಎಸ್2 (ಉಪಗ್ರಹ ಪ್ರಸಾರದ ಮಾದರಿ), ಎಂಪೆಗ್-4 (ಹೊಸ ವಿಡಿಯೋ ಮಾದರಿ) ಎರಡೂ ಹಿಡೀತಿದೆ.

ಕ್ಯಾತ್ಸಂದ್ರ_ಟಿವಿ
ಕೇಬಲ್ ಮೊದಲಿದ್ದ ಕೇಬಲ್ ಟಿವಿದೇ, ಆರ್‌ಜಿ-59 ಅಂತಿದೆ, 30 ಮೀಟರ್ ಇರಬಹುದು. ಸಜ್ಜಾ ಹತ್ರ ತಿರುಚಿ ಟೇಪ್ ಸುತ್ತಿದಾರೆ. ಸ್ಪ್ಲಿಟರ್ ಇದೆ, ಕೆಳಗಿನ ಮನೆಗೂ ಹೋಗುತ್ತೆ, 5–1000 ಅಂತ ಬರೆದಿದೆ. ಟವರ್ ಪಕ್ಕದ ಬಿಲ್ಡಿಂಗ್ ಮೇಲೇ ಇದೆ. ಚಾನೆಲ್ ಮಾಹಿತಿ ನೋಡಿದೆ: ಎಚ್‌ಡಿ ಮಾತ್ರ ಅಲ್ಲ, ಮಾಮೂಲಿ ಚಾನೆಲ್ ಎರಡು ಕೂಡ ಕೆಡುತ್ವೆ. ಎಲ್ಲ 11555ಕ್ಕೂ 11630ಕ್ಕೂ ನಡುವೆ. 11090ರಲ್ಲಿರೋವು ಯಾವತ್ತೂ ಕೆಟ್ಟಿಲ್ಲ. ಇದೆಲ್ಲ ಮುಖ್ಯ ಅಂತ ಗೊತ್ತಿರಲಿಲ್ಲ.

ಗೌರಿಬಿದನೂರು_ಆರ್‌ಎಫ್
ಉತ್ತರ ಇದರಲ್ಲೇ ಇದೆ. ಎಲ್‌ಎನ್‌ಬಿ 9750 ಕಳೆದು ಉಳಿದಿದ್ದನ್ನ ಕೇಬಲ್‌ಗೆ ಇಳಿಸುತ್ತೆ. 11090 ಇಳಿಯೋದು 1340 ಮೆಗಾಹರ್ಟ್ಸ್ ಆಗಿ. 11555ರಿಂದ 11630 ಇಳಿಯೋದು 1805ರಿಂದ 1880 ಆಗಿ. 1800 ಬ್ಯಾಂಡಿನ 4ಜಿ ಟವರ್ ಫೋನ್‌ಗಳಿಗೆ ಕಳಿಸೋದೂ ಅದೇ 1805–1880ರಲ್ಲಿ. ಸಂಜೆ ಊರೆಲ್ಲ ಫೋನ್ ಹಿಡಿದು ಕೂತಾಗ ಟವರ್ ತುಂಬಿ ಪ್ರಸಾರ ಮಾಡುತ್ತೆ, ಹನ್ನೊಂದರ ಮೇಲೆ ತಗ್ಗುತ್ತೆ. ಹೊರಗಿನ ಸಿಗ್ನಲ್ ತಡಿಯೋ ಜಾಲರಿ ತೆಳ್ಳಗಿರೋ ಕೇಬಲ್, ಟೇಪ್ ಸುತ್ತಿದ ಜಾಯಿಂಟ್: ಆ ಜಾಯಿಂಟೇ ಟವರ್ ಸಿಗ್ನಲ್ ಹಿಡಿಯೋ ಆಂಟೆನಾ ಆಗಿದೆ.

ಸ್ಪ್ಲಿಟರ್ ಇನ್ನೊಂದು ಹೊಡೆತ. 1000 ಮೆಗಾಹರ್ಟ್ಸ್‌ವರೆಗಿನದು ಕೇಬಲ್ ಟಿವಿಗೆ. 1340ರಲ್ಲಿ ಹೇಗೋ ತಳ್ಳುತ್ತೆ, 1850ಕ್ಕೆ ಉಸಿರು ಬಿಡುತ್ತೆ. ನಿಮ್ಮ ಸಿಗ್ನಲ್ ಸೊರಗಿದ ಜಾಗದಲ್ಲೇ ಟವರ್ ಜೋರಾಗಿದೆ.

ಏನೂ ಕೊಳ್ಳೋ ಮುಂಚೆ ಒಂದು ಪರೀಕ್ಷೆ. ಸಂಜೆ ಏಳೂವರೆಗೆ, ಕೆಡ್ತಿರೋವಾಗಲೇ, ಟಿವಿಯನ್ನ ಮಹಡಿಗೆ ಒಯ್ದು ಎರಡು ಮೀಟರ್ ಒಳ್ಳೇ ಆರ್‌ಜಿ-6 (ಡಿಶ್‌ಗೆ ಹಾಕೋ ಕೇಬಲ್) ತುಂಡಲ್ಲಿ ಎಲ್‌ಎನ್‌ಬಿಗೆ ನೇರ ಕೊಡಿ. ಪಿನ್ ಚುಚ್ಚೋ ಮುಂಚೆ ಪ್ರತಿ ಸಲ ಟಿವಿ ಪ್ಲಗ್ ಕೀಳಿ, ಎಲ್‌ಎನ್‌ಬಿ ಓಡಿಸೋಕೆ ಟಿವಿ ಕೊಡೋ 13 ವೋಲ್ಟ್ ಕೇಬಲ್‌ನಲ್ಲಿ ಇರುತ್ತೆ, ಶಾರ್ಟ್ ಆದ್ರೆ ಟ್ಯೂನರ್ ಹೋಗುತ್ತೆ. ಚಿತ್ರ ಒಡೆಯದೆ ಬಂದ್ರೆ ಡಿಶ್, ಎಲ್‌ಎನ್‌ಬಿ ಎರಡೂ ನಿರ್ದೋಷಿ.

ಮಾಲೂರು_ಕೆಯುಬ್ಯಾಂಡ್
ಎರಡು ಟಿವಿ ಅಂದ್ಮೇಲೆ ಎರಡು ಔಟ್‌ಪುಟ್ ಇರೋ ಎಲ್‌ಎನ್‌ಬಿನೇ ಬೇಕು. ಸ್ಪ್ಲಿಟರ್ ನಡೆಯಲ್ಲ. ಎಲ್‌ಎನ್‌ಬಿ ಅಂತ ನಾನು ಮೊದಲೇ ಹೇಳಿದ್ದೆ.

ಶಿರಾಗೇಟ್_ಸಿಗ್ನಲ್
ಫ್ರೀ ಡಿಶ್‌ಗೆ ನಡೆಯುತ್ತೆ. ಎಲ್ಲ ಚಾನೆಲ್ ವರ್ಟಿಕಲ್ (ನೆಟ್ಟನೆ ಅಲೆ), ಎಲ್ಲ ಲೋ ಬ್ಯಾಂಡ್ (ಕೆಳಗಿನ ಫ್ರೀಕ್ವೆನ್ಸಿ), ಇಬ್ಬರೂ ಕೊಡೋದು 13 ವೋಲ್ಟೇ. ಕೆಳಗಿನವರು ಬಾಕ್ಸಿನ ಮೆನುವಲ್ಲಿ 18 ವೋಲ್ಟ್‌ಗೋ 22ಕೆ (ಹೈ ಬ್ಯಾಂಡಿಗೆ ಬದಲಾಯಿಸೋ ಸಂಕೇತ) ಆನ್‌ಗೋ ಹಾಕಿದ್ರೆ ಮಾತ್ರ ಇಬ್ಬರಿಗೂ ಚಿತ್ರ ಕಟ್ ಆಗುತ್ತೆ. 5–2400 ಅಂತ ಬರೆದಿರೋ, ಒಂದೇ ಬಾಯಲ್ಲಿ ಕರೆಂಟ್ ದಾಟಿಸೋ ಸ್ಪ್ಲಿಟರ್ ತಗೊಳ್ಳಿ. ಆ ಬಾಯಿಗೆ ಸದಾ ಆನ್ ಇರೋ ಟಿವಿ. ಸ್ಪ್ಲಿಟರ್ ಹೇಗೂ 4 ಡೆಸಿಬೆಲ್ ತಿನ್ನುತ್ತೆ, ಅದಕ್ಕೆ ಡಿಶ್ ಗುರಿ ಪಕ್ಕಾ ಇರಬೇಕು.

ಕ್ಯಾತ್ಸಂದ್ರ_ಟಿವಿ
ಸಾರ್, ಮಹಡೀಲಿ ಎಂಟು ಗಂಟೆಗೆ ಕೊಟ್ಟು ನೋಡಿದೆ. ಒಂದು ಚೌಕಾನೂ ಇಲ್ಲ! ಕ್ವಾಲಿಟಿ ಕೆಳಗೆ 28 ತೋರಿಸ್ತಿತ್ತು, ಇಲ್ಲಿ 71. ನಾಳೆ ಕೇಬಲ್ ತರ್ತೀನಿ. ಏನು ಕೇಳಿ ತಗೋಬೇಕು?

ಗೌರಿಬಿದನೂರು_ಆರ್‌ಎಫ್
ಆರ್‌ಜಿ-6, ಒಳಗೆ ಲೋಹದ ಹಾಳೆ ಮತ್ತು ದಟ್ಟ ಜಾಲರಿ ಎರಡೂ ಇರೋದು. ಅಂಗಡೀಲಿ ತುದಿ ಸುಲಿಸಿ ನೋಡಿ: ಜಾಲರಿ ಸಂದಿಯಲ್ಲಿ ಹಾಳೆ ಬಹಳ ಕಂಡ್ರೆ ಬೇಡ. ಡಿಶ್‌ನಿಂದ ಸ್ಪ್ಲಿಟರ್‌ವರೆಗೆ ಒಂದೇ ತುಂಡು. ತಿರುಗಿಸಿ ಹಾಕೋ ಎಫ್ ಕನೆಕ್ಟರ್ (ಕೇಬಲ್ ತುದಿಯ ಪಿನ್) ಬೇಡ, ಒತ್ತಿ ಕೂರಿಸೋದು ಹಾಕ್ಸಿ, ಮಧ್ಯದ ತಂತಿ ಅಂಚಿಂದ ಎರಡು ಮಿ.ಮೀ. ಆಚೆ ಇರಲಿ, ಜಾಲರಿಯ ಒಂದೆಳೆಯೂ ಅದನ್ನ ಮುಟ್ಟಬಾರದು. ಎಲ್‌ಎನ್‌ಬಿ ಹತ್ರ ಕೇಬಲ್ ಕೆಳಕ್ಕೊಂದು ಬಾಗು ಕೊಟ್ಟು ಕಟ್ಟಿ, ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಸ್ಪ್ಲಿಟರ್ ಟವರಿನ ಕಡೆಯ ಗೋಡೆಗೆ ಬೇಡ, ಮೆಟ್ಟಿಲ ಒಳಗಿರಲಿ.

ಕ್ಯಾತ್ಸಂದ್ರ_ಟಿವಿ
ಹಾಕಾಯ್ತು. ನಮ್ಮನೇಲಿ ಏಳೂವರೆಗೆ 64, ಎಚ್‌ಡಿ ಒಡೆಯದೆ ಬರ್ತಿದೆ. ಕೆಳಗಿನ ಮನೇಲಿ ಮಾತ್ರ ಈಗ ಯಾವ ಚಾನೆಲ್ಲೂ ಇಲ್ಲ, ನಮ್ಮ ಟಿವಿ ಆಫ್ ಮಾಡಿದಾಗ.

ಶಿರಾಗೇಟ್_ಸಿಗ್ನಲ್
ಕರೆಂಟ್ ದಾಟೋ ಬಾಯಿಗೆ ನಿಮ್ಮ ಟಿವಿ ಹಾಕಿದೀರಿ. ಅದನ್ನ ಅವರ ಬಾಕ್ಸ್‌ಗೆ ಕೊಟ್ಟು, ಆ ಬಾಕ್ಸ್ ಸ್ಟ್ಯಾಂಡ್‌ಬೈಲಿದ್ದಾಗಲೂ ಕೇಬಲ್‌ಗೆ ವೋಲ್ಟ್ ಕೊಡುತ್ತಾ ಮೀಟರ್ ಇಟ್ಟು ನೋಡಿ. ಕೊಡಲ್ಲ ಅಂದ್ರೆ ಎರಡೂ ಬಾಯಲ್ಲಿ ದಾಟಿಸೋ, ಒಳಗೆ ಡಯೋಡ್ (ಕರೆಂಟ್‌ನ ಒಂದೇ ದಿಕ್ಕಿಗೆ ಬಿಡೋ ಭಾಗ) ಇರೋ ಸ್ಪ್ಲಿಟರ್ ತನ್ನಿ.