ವಿಂಡೋಸ್ ಬಿಟ್ಟು ಮ್ಯಾಕ್‌ಗೆ ಬಂದವರು ಫೋಟೋ ಎಡಿಟಿಂಗ್‌ಗೆ ಹೇಗೆ ಒಗ್ಗಿಕೊಂಡಿರಿ?

ವರ್ಷಗಟ್ಟಲೆ ವಿಂಡೋಸ್‌ನಲ್ಲೇ ಫೋಟೋಶಾಪ್, ಲೈಟ್‌ರೂಮ್ ಕ್ಲಾಸಿಕ್ ಬಳಸಿದ್ದೇನೆ. ಈಗ ಮ್ಯಾಕ್ ತಗೊಂಡಿದ್ದೇನೆ. ಸಾಫ್ಟ್‌ವೇರ್ ಅದೇ, ಆದರೆ ಕೈ ಓಡುತ್ತಿಲ್ಲ. ಶಾರ್ಟ್‌ಕಟ್ ಒತ್ತಿದರೆ ಇನ್ನೇನೋ ಆಗುತ್ತದೆ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಫೋಟೋಗಳು ಕಾಣುತ್ತವೆ, ಸೇವ್ ಮಾಡಲು ಮಾತ್ರ ಬಿಡುತ್ತಿಲ್ಲ. ನೀವೆಲ್ಲ ಏನು ಮಾಡಿದಿರಿ?

— ಕಂಟ್ರೋಲ್ ಇದ್ದ ಕಡೆ ಕಮಾಂಡ್, ಆಲ್ಟ್ ಇದ್ದ ಕಡೆ ಆಪ್ಷನ್. ಬಹುಪಾಲು ಇಷ್ಟರಲ್ಲೇ ಮುಗಿಯುತ್ತದೆ. ಕಾಡುವುದು ಉಳಿದ ಕೆಲವು. ಬ್ರಷ್ ಗಾತ್ರ ಬದಲಿಸಲು ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು, ಮೌಸ್‌ನ ಬಲ ಬಟನ್ ಒತ್ತಿ ಎಳೆಯುತ್ತಿದ್ದಿರಿ ಅಲ್ವಾ? ಇಲ್ಲಿ ಕಂಟ್ರೋಲ್, ಆಪ್ಷನ್ ಎರಡನ್ನೂ ಹಿಡಿದು ಎಡ ಬಟನ್‌ನಲ್ಲೇ ಎಳೆಯಿರಿ. ಅಡ್ಡಕ್ಕೆ ಎಳೆದರೆ ಗಾತ್ರ, ಮೇಲೆ ಕೆಳಗೆ ಎಳೆದರೆ ಅಂಚಿನ ಹಾರ್ಡ್‌ನೆಸ್. ಜೂಮ್ ಮಾಡೋಣ ಅಂತ ಕಮಾಂಡ್, ಸ್ಪೇಸ್ ಒತ್ತಿದರೆ ಮ್ಯಾಕ್‌ನ ಸರ್ಚ್ ಪಟ್ಟಿ ಸ್ಪಾಟ್‌ಲೈಟ್ ಬಂದು ಕೂರುತ್ತದೆ. ಮೊದಲು ಸ್ಪೇಸ್ ಹಿಡಿದುಕೊಂಡು ಆಮೇಲೆ ಕಮಾಂಡ್ ಸೇರಿಸಿ, ಅದರ ಕಾಟ ಇರುವುದಿಲ್ಲ. ಲೇಯರ್ ಪ್ಯಾನೆಲ್‌ಗೆ ಅಂತ ಎಫ್7 ಒತ್ತಿದರೆ ಹಾಡು ಹಿಂದಕ್ಕೆ ಹೋಗುತ್ತದೆ! ಎಫ್ ಕೀಗಳನ್ನು ಮಾಮೂಲಿ ಫಂಕ್ಷನ್ ಕೀಗಳಾಗಿ ಬಳಸುವ ಆಯ್ಕೆ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿದೆ. ಪ್ಯಾನೆಲ್‌ಗಳ ಸಂದಿಯಲ್ಲಿ ಡೆಸ್ಕ್‌ಟಾಪ್ ಇಣುಕುತ್ತಿದ್ದರೆ ವಿಂಡೋ ಮೆನುವಿನಲ್ಲಿ ಅಪ್ಲಿಕೇಷನ್ ಫ್ರೇಮ್ ಆನ್ ಮಾಡಿ.

— ಅಷ್ಟೆಲ್ಲ ಯಾಕೆ? ಕೀಬೋರ್ಡ್ ಸೆಟ್ಟಿಂಗ್ಸ್‌ನ ಮಾಡಿಫೈಯರ್ ಕೀಸ್‌ನಲ್ಲಿ ಕಂಟ್ರೋಲ್, ಕಮಾಂಡ್ ಅದಲುಬದಲು ಮಾಡಿ. ಆಫೀಸಿನಲ್ಲಿ ನನಗೆ ಇನ್ನೂ ವಿಂಡೋಸೇ. ಮನೆಯಲ್ಲಿ ಹೀಗೆ ಇಟ್ಟುಕೊಂಡಿರುವುದರಿಂದ ಬೆರಳಿಗೆ ಗೊಂದಲವಿಲ್ಲ.

— ಎರಡು ಕಡೆ ಕೆಲಸ ಮಾಡುವವರಿಗೆ ಅದು ಸರಿ. ಪೂರ್ತಿ ಮ್ಯಾಕ್‌ಗೇ ಬಂದವರು ಬದಲಿಸಬೇಡಿ ಅನ್ನುತ್ತೇನೆ. ಬೇರೆಯವರ ಮ್ಯಾಕ್ ಮುಂದೆ ಕೂತಾಗ ಮತ್ತೆ ತಡವರಿಸುತ್ತೀರಿ.

ಇನ್ನು ಡಿಸ್ಕ್. ಅದು ಕೆಟ್ಟಿಲ್ಲ, ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿರಬೇಕು. ಅದನ್ನು ಮ್ಯಾಕ್ ಓದುತ್ತದೆ, ಅದರಲ್ಲಿ ಬರೆಯುವುದಿಲ್ಲ. ಎಲ್ಲವನ್ನೂ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಹಳೆಯದನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಆಗ ಎರಡೂ ಕಡೆ ನಡೆಯುತ್ತದೆ. ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಹೋಗುತ್ತದೆ, ಕಾಪಿಯಾದ ಫೋಟೋಗಳನ್ನು ತೆರೆದು ನೋಡಿಕೊಂಡೇ ಮುಂದುವರಿಯಿರಿ.

ಲೈಟ್‌ರೂಮ್ ಕ್ಯಾಟಲಾಗ್ (ಫೋಟೋಗಳು ಎಲ್ಲಿವೆ, ಏನೇನು ಎಡಿಟ್ ಆಗಿದೆ ಅಂತ ದಾಖಲಿಸಿಕೊಳ್ಳುವ ಫೈಲ್) ಮ್ಯಾಕ್‌ನಲ್ಲೂ ತೆರೆಯುತ್ತದೆ. ಆದರೆ ಫೋಲ್ಡರ್‌ಗಳ ಮೇಲೆಲ್ಲ ಪ್ರಶ್ನೆ ಚಿಹ್ನೆ ಕಾಣುತ್ತದೆ. ಗಾಬರಿ ಬೇಡ. ಅದು ಹುಡುಕುತ್ತಿರುವ ಡಿ ಡ್ರೈವ್ ಇಲ್ಲಿ ಇಲ್ಲವೇ ಇಲ್ಲ. ಎಲ್ಲಕ್ಕಿಂತ ಮೇಲಿನ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಫೈಂಡ್ ಮಿಸ್ಸಿಂಗ್ ಫೋಲ್ಡರ್ ಕೊಟ್ಟು ಹೊಸ ಜಾಗ ತೋರಿಸಿ. ಒಳಗಿನವೂ ಸರಿಹೋಗುತ್ತವೆ. ಬೇಸತ್ತು ಹೊಸ ಕ್ಯಾಟಲಾಗ್ ಮಾಡಿ ಮತ್ತೆ ಇಂಪೋರ್ಟ್ ಮಾಡಲು ಹೋಗಬೇಡಿ, ಹಳೆಯ ಕಲೆಕ್ಷನ್‌ಗಳು ಅದರಲ್ಲಿ ಸಿಗುವುದಿಲ್ಲ.

— ಪರದೆಯ ಮಾತು ಯಾರೂ ಎತ್ತಲಿಲ್ಲ. ನನ್ನ ಪ್ರಕಾರ ಕೀಗಳಿಗಿಂತ ಅದೇ ಜಾಸ್ತಿ ಮುಖ್ಯ. ಟ್ರೂ ಟೋನ್ ಸುತ್ತಲಿನ ಬೆಳಕು ನೋಡಿಕೊಂಡು ಪರದೆಯ ಬಿಳಿ ಬಣ್ಣವನ್ನೇ ಬದಲಿಸುತ್ತದೆ. ನೈಟ್ ಶಿಫ್ಟ್ ಸಂಜೆಯಾದರೆ ಹಳದಿ ಮಾಡುತ್ತದೆ. ಎರಡನ್ನೂ ಆಫ್ ಮಾಡದೆ ಮುಖದ ಬಣ್ಣ ತಿದ್ದಲು ಕೂರಬೇಡಿ. ರೆಟಿನಾ ಪರದೆಯಲ್ಲಿ ಪಿಕ್ಸೆಲ್‌ಗಳು ತುಂಬಾ ಚಿಕ್ಕವು, ಹಾಗಾಗಿ 100% ಜೂಮ್‌ನಲ್ಲೂ ಫೋಟೋ ಚಿಕ್ಕದಾಗಿ, ಚೂಪಾಗಿ ಕಾಣುತ್ತದೆ. ಶಾರ್ಪ್‌ನೆಸ್ ಅಂದಾಜು ತಪ್ಪುತ್ತದೆ. ನಾನು 200%ನಲ್ಲೂ ಒಮ್ಮೆ ನೋಡುತ್ತೇನೆ. ಈಚಿನ ಮ್ಯಾಕ್ ಪರದೆಗಳು ಪಿ3 ಅನ್ನುವ ಹೆಚ್ಚು ವಿಸ್ತಾರದ ಬಣ್ಣಗಳನ್ನು ತೋರಿಸುತ್ತವೆ, ವೆಬ್‌ಗೆ ಹಾಕುವ ಫೋಟೋವನ್ನು ಎಲ್ಲ ಪರದೆಗಳಿಗೂ ಸಾಮಾನ್ಯವಾದ ಎಸ್‌ಆರ್‌ಜಿಬಿಯಲ್ಲೇ ಎಕ್ಸ್‌ಪೋರ್ಟ್ ಮಾಡಿ.

— ಕೇಳಿದವನು ನಾನೇ. ಡಿಸ್ಕ್ ನೋಡಿದೆ, ಎನ್‌ಟಿಎಫ್‌ಎಸ್ಸೇ. ನನ್ನ ಹಳೆಯ ಬ್ರಷ್, ಆಕ್ಷನ್ (ರೆಕಾರ್ಡ್ ಮಾಡಿಟ್ಟ ಎಡಿಟಿಂಗ್ ಹಂತಗಳು), ಪ್ಲಗಿನ್‌ಗಳ ಗತಿ ಏನು?

— ಬ್ರಷ್, ಆಕ್ಷನ್, ಲೈಟ್‌ರೂಮ್ ಪ್ರಿಸೆಟ್ ಫೈಲ್‌ಗಳನ್ನು ಸುಮ್ನೆ ಕಾಪಿ ಮಾಡಿ ತಂದು ಲೋಡ್ ಮಾಡಿ. ವಿಂಡೋಸ್ ಪ್ಲಗಿನ್ ನಡೆಯುವುದಿಲ್ಲ, ಮ್ಯಾಕ್‌ನದ್ದೇ ಹಾಕಬೇಕು. ಅದರಲ್ಲೂ ಆಪಲ್ ಚಿಪ್‌ಗೆ ಹೊಂದುವ ಆವೃತ್ತಿ ಇದೆಯಾ ನೋಡಿಕೊಳ್ಳಿ. ಹಳೆಯ ಕಂಪ್ಯೂಟರ್ ಮಾರುವುದಿದ್ದರೆ ಅದರಲ್ಲಿ ಅಡೋಬಿ ಸೈನ್ ಔಟ್ ಮಾಡಿ ಕೊಡಿ. ಒಬ್ಬರ ಚಂದಾದಲ್ಲಿ ಆಕ್ಟಿವೇಟ್ ಆಗುವುದು 2 ಕಂಪ್ಯೂಟರ್ ಮಾತ್ರ.